ಅರ್ಧ ಬರೆದ ಗುಡ್ಡ

ಒಂದು ನಿಮಿಷ ನಿಲ್ಲಿ! ಇದನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗಬೇಡಿ. ಚಹಾ ಕೈಯಲ್ಲಿದ್ದರೆ ಕುಡಿಯುತ್ತಲೇ ಕೇಳಿ, ಪರವಾಗಿಲ್ಲ. ಆದರೆ ಪೂರ್ತಿ ಕೇಳಿ. ಕೊನೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳುವುದಿದೆ, ನಡುವೆ ಎದ್ದು ಹೋದವರಿಗೆ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ.

"ಇಳೀರಿ! ಮೊದಲ ಕೆಳಗ ಇಳೀರಿ!"

ಆ ಕೂಗಿಗೆ ನಾಗಲಕ್ಷ್ಮಿ ಬೆಚ್ಚಿಬಿದ್ದಳು.

ಬಳ್ಳಾರಿಯ ಗಾಂಧಿನಗರದ ಹಿಂದಿನ ಓಣಿಯಲ್ಲಿ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿದೆ. ಅಲ್ಲಿ ಬಟ್ಟೆಯ ರೋಲುಗಳನ್ನು ಗೋಡೆಗೆ ಒತ್ತಿ ಎರಡಾಳೆತ್ತರಕ್ಕೆ ಪೇರಿಸಿರುತ್ತಾರೆ. ಕಟಿಂಗ್ ಟೇಬಲ್ಲಿನ ನಾಗಲಕ್ಷ್ಮಿಗೆ ಬೇಕಾದ ರೋಲು ಎಲ್ಲಕ್ಕಿಂತ ಮೇಲಿತ್ತು. ಅವಳು ಹತ್ತಿದ್ದಳು, ಅಷ್ಟೇ! ದಿನಾ ಹತ್ತುತ್ತಾಳೆ.

ಕೆಳಗೆ ಹೊಸಬನೊಬ್ಬ ನಿಂತಿದ್ದ. ತೆಳ್ಳಗೆ, ಎಣ್ಣೆಗಪ್ಪು, ಕಿವಿಯ ಮೇಲೊಂದು ಪೆನ್ಸಿಲ್ಲು. ಕೂಗಿದ್ದು ಅವನೇ. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ... ಹಣೆಯೆಲ್ಲ ಬೆವರು.

"ಯಾರ್ರೀ ನೀವು? ನಾ ಇಳಿಯೂದು ಹತ್ತೂದು ನಿಮಗ್ಯಾಕ?"

"ನಾನು... ಹೊಸ ಪ್ಯಾಟರ್ನ್ ಮಾಸ್ಟರು. ಹನುಮೇಶ್ ಅಂತ, ಕುರುಗೋಡಿಂದ. ನೀವು ಮೊದಲ ಇಳೀರಿ, ಆಮ್ಯಾಲ ಎಷ್ಟರ ಬೈರಿ."

ಪಕ್ಕದ ಮಷೀನಿನಿಂದ ಶಮಾ ಕಿಸಕ್ಕೆಂದಳು. "ಲೇ ನಾಗು, ಇಳಿಯವ್ವಾ. ಇಲ್ಲಾಂದ್ರ ಮಾಸ್ಟರ್ ಇಲ್ಲೇ ಬಿದ್ದುಬಿಡತಾರ!"

ನಾಗಲಕ್ಷ್ಮಿ ಧಡಕ್ಕನೆ ಹಾರಿ ಇಳಿದಳು. ಅವನು ಕಣ್ಣು ಮುಚ್ಚಿಕೊಂಡ. ಅವಳ ಕಾಲು ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆಯೇ ತೆರೆದ. ದೊಡ್ಡ ಕಣ್ಣು.

'ಎಂಥಾ ಮನುಷ್ಯ ಇವನು?' ಎಂದುಕೊಂಡಳು.

ಅವತ್ತು ಸಂಜೆ ರೂಮಿಗೆ ಹೋದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ನಾಗಲಕ್ಷ್ಮಿಯ ಸ್ವಭಾವವೇ ಹಾಗೆ. ಯಾವುದಾದರೂ ಒಂದು ತಲೆಗೆ ಹೊಕ್ಕರೆ ಅದರ ಬುಡ ಕಾಣುವವರೆಗೆ ಬಿಡುವುದಿಲ್ಲ.

ಆ ಡಿಸೆಂಬರಿನಲ್ಲಿ ಅವಳ ತಲೆಗೆ ಇನ್ನೊಂದೂ ಹೊಕ್ಕಿತ್ತು. ಮಾತಂಗ ಪರ್ವತ!

ಅವಳ ಊರು ಸಿರುಗುಪ್ಪ. ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ ಕಾಲು ಇಳಿಬಿಟ್ಟು ಬೆಳೆದವಳು. ಗದ್ದೆಗೆ ಬರುವುದೂ ಅದೇ ಹೊಳೆಯ ನೀರು. ಆ ನೀರು ತಮ್ಮೂರು ಮುಟ್ಟುವ ಮೊದಲು ಹಂಪಿಯ ಬಂಡೆಗಳ ನಡುವೆ ಹಾದು ಬರುತ್ತದೆ ಎಂದು ಅವಳಿಗೆ ಗೊತ್ತು. ಹಂಪಿಯನ್ನೂ ನೋಡಿದ್ದಾಳೆ, ಶಾಲೆಯವರು ಸಾಲಾಗಿ ನಿಲ್ಲಿಸಿ ಓಡಿಸಿಕೊಂಡು ಹೋಗಿದ್ದರು. ಆದರೆ ಮೇಲಿಂದ? ಮಾತಂಗದ ತುದಿಯಲ್ಲಿ ನಿಂತರೆ ಇಡೀ ಹಂಪಿ ಹೇಗೆ ಕಾಣುತ್ತದೆ? ಹೊಳೆ ಯಾವ ಕಡೆ ತಿರುಗಿ ನಮ್ಮೂರಿಗೆ ಬರುತ್ತದೆ?

"ಯಾರ್ಯಾರು ಬರತೀರಿ? ಮುಂದಿನ ತಿಂಗಳು ಮೊದಲನೇ ಭಾನುವಾರ!" ಊಟದ ಹೊತ್ತಿನಲ್ಲಿ ಕಟಿಂಗ್ ಟೇಬಲ್ಲಿನ ಸುತ್ತ ಎಲ್ಲರನ್ನೂ ಸೇರಿಸಿದಳು.

ಏಳು ಜನ ಕೈ ಎತ್ತಿದರು. ಎಲ್ಲರಿಗಿಂತ ಮೊದಲು ಎತ್ತಿದ್ದು ದಾರ ಕತ್ತರಿಸುವ ವಿರೂಪಮ್ಮ. ವಯಸ್ಸು ಐವತ್ತಾರು, ಮೊಣಕಾಲು ನೋವು ಬೇರೆ.

"ಯಕ್ಕಾ, ನಿನ್ನ ಕಾಲಿಗೆ ಆಗತೈತೇನ?"

"ಆ ಹಂಪಿ ದೇವರ ಹೆಸರು ಇಟ್ಕೊಂಡು ಐವತ್ತಾರು ವರ್ಷ ಆತು. ಗೋಪುರ ನೋಡಿ ನೋಡಿ ಕುತ್ತಿಗಿ ನೋವು ಬಂದೈತಿ. ಒಮ್ಮೆರ ಮ್ಯಾಲಿಂದ ನೋಡತೀನಿ. ನೀ ಕರಕೊಂಡು ಹೋಗತೀ ಇಲ್ಲೋ ಅಷ್ಟು ಹೇಳು!"

"ಹೋಗತೀನಿ ಯಕ್ಕಾ. ಆದ್ರ ದಾರಿ ಹೆಂಗೈತಿ? ಎಷ್ಟು ಮೆಟ್ಟಲಾ, ನೆಳ್ಳು ಎಲ್ಲೈತಿ, ನೀರು ಎಲ್ಲಿ ಹಿಡಕೋಬೇಕು... ಯಾರಿಗರ ಗೊತ್ತೈತೇನ?"

ಆಗ ಟೇಬಲ್ಲಿನ ತುದಿಯಿಂದ ಒಂದು ದನಿ ಬಂತು.

"ನಾ ಬರದು ಕೊಡತೀನಿ. ಸೋಮವಾರ."

ಹನುಮೇಶ್! ಹೇಳಿದವನೇ ತಲೆ ತಗ್ಗಿಸಿ ಮಂಡಕ್ಕಿ ಉಗ್ಗಾಣಿಯಲ್ಲಿ ಮಿರ್ಚಿ ಹುಡುಕತೊಡಗಿದ.

ನಾಗಲಕ್ಷ್ಮಿಯ ಎದೆಯಲ್ಲಿ ಏನೋ ಒಂದು ಸಣ್ಣಗೆ ಮಿಸುಕಾಡಿತು. ಅವನು ಬಂದು ಹತ್ತು ದಿನ ಆಗಿತ್ತು. ಆ ಹತ್ತು ದಿನವೂ ಅವಳು ಬರುವ ಮೊದಲೇ ಯಾರೋ ಅವಳ ರೋಲನ್ನು ಕೆಳಗಿಳಿಸಿ ಟೇಬಲ್ಲಿನ ಮೇಲೆ ಇಡಿಸಿರುತ್ತಿದ್ದರು. ಯಾರು ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಶಮಾ ಮಾತ್ರ ಕೆಮ್ಮುತ್ತಿದ್ದಳು.

ಸೋಮವಾರ ಬಂತು. ಹನುಮೇಶ್ ಒಂದು ಸುರುಳಿ ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದ. ಕಂದು ಬಣ್ಣದ ಪ್ಯಾಟರ್ನ್ ಕಾಗದ.

ಅಬ್ಬಾ! ಎಂಥ ಗೆರೆ! ಹಂಪಿ ಬಜಾರಿನ ತುದಿಯಿಂದ ದಾರಿ ಶುರುವಾಗುತ್ತದೆ. ಇಲ್ಲಿ ಹನ್ನೆರಡು ಮೆಟ್ಟಿಲು, ಇಲ್ಲಿ ಕೂರಲು ಅಗಲವಾದ ಕಲ್ಲು, ಇಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ನೆರಳು. ಎರಡು ದೊಡ್ಡ ಬಂಡೆಗಳ ಸಂದಿಯವರೆಗೆ ಒಂದೊಂದನ್ನೂ ಬರೆದಿದ್ದ. ಅಲ್ಲಿಗೆ ಒಂದು ಅಡ್ಡ ಗೆರೆ. ಅದರ ಮೇಲೆ ಖಾಲಿ ಕಾಗದ.

"ಯಾಕ, ಅರ್ಧಕ್ಕ ನಿಂತೈತಿ?" ಎಂದಳು ವಿರೂಪಮ್ಮ.

ಹನುಮೇಶ್ ಬಾಯಿ ತೆರೆದ. "ಅದು... ಅಲ್ಲಿಂದ ಮುಂದ..."

"ಅಯ್ಯ, ಯಕ್ಕಾ! ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿ ಇದು ಗೊತ್ತಾಗಲಿಲ್ಲೇನ?" ನಾಗಲಕ್ಷ್ಮಿ ನಡುವೆಯೇ ಹಾರಿದಳು. "ಅದು ಮಡಿಕಿ ಗೆರಿ!"

ಜೀನ್ಸ್ ಕೆಲಸ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸೊಂಟದ ಪಟ್ಟಿಯಾಗಲಿ, ಹಿಂದಿನ ಜೇಬಾಗಲಿ, ಎರಡು ಅರ್ಧವೂ ಒಂದೇ ತರಹ ಇದ್ದರೆ ಪ್ಯಾಟರ್ನ್ ಮಾಸ್ಟರು ಪೂರ್ತಿ ಬರೆಯುವ ಗೋಜಿಗೆ ಹೋಗುವುದಿಲ್ಲ. ಅರ್ಧ ಬರೆದು ಅಂಚಿಗೆ ಒಂದು ಗೆರೆ ಎಳೆಯುತ್ತಾರೆ. ಬಟ್ಟೆಯನ್ನು ಮಡಚಿ, ಮಡಿಕೆಯನ್ನು ಆ ಗೆರೆಗೆ ಕೂಡಿಸಿ ಕತ್ತರಿಸಿದರೆ ಆಯಿತು. ಬಿಚ್ಚಿದಾಗ ಉಳಿದರ್ಧ ತಾನೇ ಬರುತ್ತದೆ.

"ಕೆಳಗ ಹೆಂಗೈತೋ ಮ್ಯಾಲೂ ಹಂಗ ಐತಿ ಅಂತ ಅರ್ಥ!" ನಾಗಲಕ್ಷ್ಮಿ ಕಾಗದವನ್ನು ಗೆರೆಗೆ ಸರಿಯಾಗಿ ಮಡಚಿ ತೋರಿಸಿದಳು. "ಕೆಳಗ ನಲವತ್ತು ನಿಮಿಷ, ಮ್ಯಾಲ ನಲವತ್ತು ನಿಮಿಷ. ಕೆಳಗ ಕುಂದ್ರಾಕ ಮೂರು ಕಲ್ಲು, ಮ್ಯಾಲೂ ಮೂರು. ಯಕ್ಕಾ, ನೀ ಆರಾಮ ಹತ್ತತೀ! ಹೌದಲ್ರೀ ಮಾಸ್ಟರ್?"

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ನಾಗಲಕ್ಷ್ಮಿ ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು.

ಹನುಮೇಶ್ ಕಿವಿಯ ಮೇಲಿನ ಪೆನ್ಸಿಲು ತೆಗೆದು ಎರಡು ಸಲ ತಿರುಗಿಸಿದ.

"ಹ್ಞೂಂ," ಎಂದ.

ಒಂದೇ ಅಕ್ಷರ... ಅಷ್ಟರಲ್ಲೇ ಎಲ್ಲ ಕೆಟ್ಟಿತು!

ಆಮೇಲಿನ ಎರಡು ವಾರ ಯೂನಿಟ್ಟಿನಲ್ಲಿ ಬೇರೆ ಮಾತೇ ಇಲ್ಲ. ಸೂರ್ಯ ಹುಟ್ಟುವುದನ್ನು ನೋಡಬೇಕೆಂದರೆ ಕತ್ತಲಲ್ಲಿ ಹತ್ತಬೇಕು, ಬೇಡ. ಬೆಳಕಾದ ಮೇಲೆ ಹತ್ತಿ ಬಿಸಿಲೇರುವ ಮೊದಲು ಇಳಿಯೋಣ. ಚಪ್ಪಲಿ ಬೇಡ, ಬೂಟು. ಜೋಳದ ರೊಟ್ಟಿ, ಶೇಂಗಾ ಚಟ್ನಿ ವಿರೂಪಮ್ಮನದು. ನೀರಿನ ಕ್ಯಾನು ಶಮಾಳದು.

"ಮಂಗ್ಯಾಗಳು ರೊಟ್ಟಿ ಕಸಗೊಂಡ್ರ?"

"ನಿನ್ನ ಮುಂದ ಬಿಡತೀವಿ ಶಮಾ. ನಿನ್ನ ಮಾತು ಕೇಳಿ ಅವ ಓಡಿಹೋಗತಾವ."

ಪ್ರತಿ ದಿನ ಒಂದು ಹೊಸ ಪ್ರಶ್ನೆ ಹಿಡಿದು ನಾಗಲಕ್ಷ್ಮಿ ಹನುಮೇಶನ ಟೇಬಲ್ಲಿಗೆ ಹೋಗುತ್ತಿದ್ದಳು. ನಿಜ ಹೇಳಬೇಕೆಂದರೆ ಪ್ರಶ್ನೆಗಳು ಮುಗಿದು ಎಷ್ಟೋ ದಿನವಾಗಿತ್ತು. ಅವನು ಸ್ಕೇಲು ಹಿಡಿಯುವ ರೀತಿ, ಮಾತಾಡುವ ಮೊದಲು ಪೆನ್ಸಿಲನ್ನು ಎರಡು ಸಲ ತಿರುಗಿಸುವ ರೀತಿ... ಅದನ್ನು ನೋಡುವುದಕ್ಕೇ ಹೋಗುತ್ತಿದ್ದಳು.

"ಶಮಾ, ಒಂದು ಮಾತು. ಯಾರಿಗೂ ಹೇಳಬ್ಯಾಡ."

"ಅಲ್ಲಾನ ಆಣಿ, ಹೇಳಂಗಿಲ್ಲ."

"ಮಾತಂಗದ ತುದೀಗ ನಿಂತು ಅವರಿಗೆ ಹೇಳಿಬಿಡತೀನಿ. ನನ್ನ ಮನಸನ್ಯಾಗ ಇರೂದು."

ಶಮಾ ಅವಳನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು.

ಹತ್ತುವುದಕ್ಕೆ ಒಂದು ವಾರ ಉಳಿದಿತ್ತು. ಆ ಭಾನುವಾರ ಸಿರುಗುಪ್ಪಕ್ಕೆ ಅವ್ವನನ್ನು ನೋಡಲು ಹೋಗಿದ್ದ ನಾಗಲಕ್ಷ್ಮಿ, ವಾಪಸು ಬರುವಾಗ ಕುರುಗೋಡಿನಲ್ಲಿ ಇಳಿದಳು. ಅಲ್ಲಿನ ಕೊಟ್ರಬಸಪ್ಪ ಎನ್ನುವವರ ಕ್ರೂಸರ್ ಗಾಡಿ ಗೊತ್ತುಮಾಡಬೇಕಿತ್ತು. ನಂಬರು ಕೊಟ್ಟವನು ಹನುಮೇಶನೇ, ಅವರು ಅವನ ಸೋದರಮಾವ.

ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೊಟ್ರಬಸಪ್ಪ ಕೂತಿದ್ದರು. ದೊಡ್ಡ ಮೀಸೆ, ದೊಡ್ಡ ನಗು.

"ಎಂಟು ಮಂದಿನಾ? ಆತವ್ವಾ, ಬಳ್ಳಾರಿಗೇ ಬಂದು ಹತ್ತಿಸ್ಕೊಂತೀನಿ. ಇಲ್ಲಿಂದ ಕಂಪ್ಲಿ ಮ್ಯಾಲ ಹಂಪಿ. ಯಾವ ಗುಡ್ಡ ಅಂದಿ?"

"ಮಾತಂಗ. ನಿಮ್ಮ ಅಳಿಯ ಎಲ್ಲಾ ದಾರಿ ಬರದು ಕೊಟ್ಟಾರ ಮಾವ. ಅವರಿಗೆ ಆ ಗುಡ್ಡ ಅಂದ್ರ ಅಂಗೈ ಇದ್ದಂಗ!"

ಕೊಟ್ರಬಸಪ್ಪ ಚಹಾದ ಗ್ಲಾಸು ಕೆಳಗಿಟ್ಟರು. "ಯಾರು... ನಮ್ಮ ಹನುಮೇಶನಾ?"

"ಹೂಂ."

ನಗೆ ತಡೆಯಲಾಗದೆ ಅವರ ಮೀಸೆ ಕುಣಿಯಿತು. "ಏ ತಂಗಿ! ಅವ ಮಾಳಿಗಿ ಹತ್ತಾಕ ಅಂಜತಾನಲ್ಲ! ಹಬ್ಬಕ್ಕ ಮನಿಗೆ ಸುಣ್ಣ ಹಚ್ಚು ಅಂದ್ರ ಏಣಿ ಮೂರನೇ ಮೆಟ್ಟಿಲದಾಗ ಕಣ್ಣು ಕತ್ತಲಿ ಬರತಾವ ಅವನಿಗೆ. ನಮ್ಮೂರ ಗುಡ್ಡಾನ ಇನ್ನೂ ಹತ್ತಿಲ್ಲ. ಮಾತಂಗ ಹತ್ಯಾನಾ?"

ನಾಗಲಕ್ಷ್ಮಿಗೆ ರೋಲುಗಳ ಕೆಳಗೆ ನಿಂತಿದ್ದ ಹನುಮೇಶ್ ನೆನಪಾದ.

ಮೊದಲ ದಿನದ ಆ ಬೆವರು... ಮುಚ್ಚಿದ ಕಣ್ಣು... ಅದಾ ವಿಷಯ?

ಹಾಗಾದರೆ ನಕ್ಷೆ? ಯಾರನ್ನೋ ಕೇಳಿ ಬರೆದದ್ದಾ? ಅದನ್ನು ನಂಬಿ ಮೊಣಕಾಲು ನೋವಿನ ಹೆಂಗಸನ್ನು ಆ ಬಂಡೆಗಳ ಮೇಲೆ ಹತ್ತಿಸಲು ಹೊರಟಿದ್ದಳಲ್ಲ! ತನ್ನ ಮನಸ್ಸನ್ನೂ ಅದೇ ಕಾಗದದ ಮೇಲೆ ಇಟ್ಟಿದ್ದಳಲ್ಲ!

ಅಷ್ಟರಲ್ಲಿ ಕಂಪ್ಲಿ ಕಡೆಯಿಂದ ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಹನುಮೇಶನೂ ಇದ್ದ. ಪ್ಯಾಂಟಿನ ಮೊಣಕಾಲೆಲ್ಲ ಧೂಳು, ಅಂಗೈ ತರಚಿ ಕೆಂಪಾಗಿತ್ತು. ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ನಾಗಲಕ್ಷ್ಮಿಯವ್ರ... ನೀವಿಲ್ಲಿ?"

"ಒಂದ ಮಾತು ಕೇಳತೀನಿ. ಮಾತಂಗದ ತುದಿ ಮುಟ್ಟೀರೇನ?"

ಅವನು ಮಾವನ ಕಡೆ ನೋಡಿದ. ಮಾವ ಗ್ಲಾಸಿನೊಳಗೆ ನೋಡಿದರು.

"ಇಲ್ರಿ."

"ನಕ್ಷಿ?"

"ಅದು ಖರೇ ಐತ್ರಿ. ನಾನ ಹೋಗಿ, ನಾನ ಎಣಿಸಿ ಬರದೀನಿ. ಆದ್ರ ಆ ಎರಡು ಬಂಡಿಗಲ್ಲು ದಾಟಿದ ಮ್ಯಾಲ ಬೋಳು ಹಾಸುಗಲ್ಲು ಐತಿ. ಬಲಕ್ಕ ಏನೂ ಇಲ್ಲ, ಬರೇ ಗಾಳಿ. ಅಲ್ಲಿ ನನ್ನ ಕಾಲು ಏಳಲಿಲ್ಲ. ಎಲ್ಲಿಮಟ ಹೋದೆನೋ ಅಲ್ಲಿಮಟ ಬರದೆ."

"ಅದು... ಮಡಿಕಿ ಗೆರಿ ಅಲ್ಲಾ?"

"ಅಲ್ರಿ. ನಾ ನಿಂತ ಜಾಗ."

ಬಸ್ಸು ಹೊರಟು ಧೂಳೆಬ್ಬಿಸಿತು. ಇಬ್ಬರೂ ಕಣ್ಣು ಉಜ್ಜಿಕೊಳ್ಳಲಿಲ್ಲ.

"ಹಂಗಾರ ಅವತ್ತ ಯಾಕ ಹೇಳಲಿಲ್ಲ?"

"ಹೇಳಾಕ ಬಾಯಿ ತಗದೆ. ನೀವು ಮಡಚಿ ತೋರಿಸಿದ್ರಿ. ಎಲ್ಲಾರು ಚಪ್ಪಾಳಿ ಹೊಡದ್ರು. ನೀವು... ಹಂಗ ನೋಡಿದ್ರಿ ನನ್ನ." ಅವನು ತರಚಿದ ಅಂಗೈ ನೋಡಿಕೊಂಡ. "ನಾಲಿಗಿ ತಿರಗಲಿಲ್ಲ. ಹೆಂಗರ ಮಾಡಿ ಉಳಿದ ಅರ್ಧ ಹತ್ತಿ ಬರದು ಕೊಡೋಣ ಅಂತ ಇವತ್ತಿಗೆ ಎರಡನೇ ಭಾನುವಾರ ಹೋಗಿ ಬಂದೆ. ಆಗಲಿಲ್ರಿ."

"ಮ್ಯಾಲಿನ ಅರ್ಧ ಕೆಳಗಿನಂಗ ಐತಿ ಅಂತ ವಿರೂಪಮ್ಮಕ್ಕಗ ಹೇಳೀನಿ ನಾನು! ಆಕಿ ಆ ಹಾಸುಗಲ್ಲ ಮ್ಯಾಲ ಜಾರಿದ್ರ? ಎತ್ತರಕ್ಕ ಅಂಜೂದು ತಪ್ಪಲ್ಲ ಮಾಸ್ಟರ್. ನಿಮ್ಮ ಮರ್ಯಾದಿಗೆ ಮತ್ತೊಬ್ಬರ ಕಾಲು ಅಡ ಇಟ್ರಲ್ಲಾ, ಅದು ತಪ್ಪು!"

ಬಳ್ಳಾರಿ ಬಸ್ಸು ಹತ್ತಿ ಕೂತವಳು ಕಿಟಕಿ ಕಡೆ ಮುಖ ಮಾಡಿದಳು. ಅಳಬಾರದು ಎಂದುಕೊಂಡಳು. ಕೋಳೂರು ದಾಟುವಷ್ಟರಲ್ಲಿ ಸೆರಗಿನ ತುದಿ ಒದ್ದೆಯಾಗಿತ್ತು.

ಮರುದಿನ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದಾಗ ಹನುಮೇಶ್ ಟೇಬಲ್ಲಿನ ಮುಂದೆ ಬಂದು ನಿಂತ.

"ಎಲ್ಲಾರು ಒಂಚೂರು ಕೇಳ್ರಿ. ನಾ ಆ ಗುಡ್ಡ ಅರ್ಧಾನ ಹತ್ತೀನಿ. ಎತ್ತರ ಕಂಡ್ರ ನನಗ ಅಂಜಿಕಿ. ಮ್ಯಾಲಿನ ಅರ್ಧ ಹೆಂಗೈತಿ ನನಗ ಗೊತ್ತಿಲ್ಲ. ಅವತ್ತ ಹ್ಞೂಂ ಅಂದಿದ್ದು ಸುಳ್ಳು. ನಾಗಲಕ್ಷ್ಮಿಯವರದೇನೂ ತಪ್ಪಿಲ್ಲ. ವಿರೂಪಮ್ಮಕ್ಕಾ, ಕ್ಷಮಿಸು."

ಆಮೇಲೆ ಯಾರೋ ಹಿಂದಿನಿಂದ ಕೂಗಿದರು. "ಹಾಫ್ ಮಾಸ್ಟರ್!"

ಯೂನಿಟ್ಟಿಗೆ ಯೂನಿಟ್ಟೇ ನಕ್ಕಿತು. ಅವನ ಕಿವಿ ಕೆಂಪಾಯಿತು. ಆದರೂ ಅಲ್ಲಿಂದ ಕದಲಲಿಲ್ಲ, ನಗು ಮುಗಿಯುವವರೆಗೆ ನಿಂತೇ ಇದ್ದ.

ವಿರೂಪಮ್ಮ ರೊಟ್ಟಿ ಮುರಿಯುತ್ತ ಕೇಳಿದಳು. "ಅಲ್ಲೋ ಹುಡುಗಾ, ನೀ ನಿಂತ ಜಾಗದಾಗ ಗೋಪುರದ ತಲಿ ಕಾಣತೈತೇನ?"

"ಕಾಣತೈತಿ ಯಕ್ಕಾ. ಕಣ್ಣಿನ ಮಟ್ಟಕ್ಕ."

"ನನಗ ಅಷ್ಟ ಸಾಕು. ನಾ ಅಲ್ಲೇ ಕುಂದ್ರತೀನಿ. ಜೊತಿಗೆ ನೀನೂ ಕುಂದರು. ಇಬ್ಬರೂ ಅರ್ಧಂಬರ್ಧ!"

ಈ ಸಲ ಹನುಮೇಶನೂ ನಕ್ಕ. ನಾಗಲಕ್ಷ್ಮಿ ಮಾತ್ರ ನಗಲಿಲ್ಲ. ಆ ವಾರವಿಡೀ ಅವನೊಂದಿಗೆ ಮಾತಾಡಲಿಲ್ಲ. ಆದರೆ ಒಳಗೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು. 'ಮೂವತ್ತು ಮಂದಿ ಮುಂದೆ ತನ್ನ ಅಂಜಿಕೆಯನ್ನು ತಾನೇ ಬಿಚ್ಚಿಡುವುದಕ್ಕೆ ಎಷ್ಟು ಧೈರ್ಯ ಬೇಕು?'

ಭಾನುವಾರ. ಎಳೆಬಿಸಿಲು. ಮಾತಂಗದ ಬುಡ.

ಕೆಳಗಿನ ಅರ್ಧ ಕಾಗದದಲ್ಲಿ ಇದ್ದ ಹಾಗೇ ಇತ್ತು. ಹನ್ನೆರಡು ಮೆಟ್ಟಿಲು ಎಂದರೆ ಹನ್ನೆರಡೇ! ಕೂರುವ ಕಲ್ಲು, ನೆರಳು, ಎಲ್ಲ ಸರಿ. ಪ್ರತಿ ತಿರುವಿನಲ್ಲೂ ನಾಗಲಕ್ಷ್ಮಿಯ ಎದೆ ಚುರುಕ್ ಎಂದಿತು. ಒಂದೊಂದು ಮೆಟ್ಟಿಲಲ್ಲೂ ಅವನು ಬಗ್ಗಿ ಎಣಿಸಿದ್ದಾನೆ... ಅವಳಿಗಾಗಿ.

ಎರಡು ಬಂಡೆಗಳ ಸಂದಿಯಲ್ಲಿ ವಿರೂಪಮ್ಮ ಕಾಲು ಚಾಚಿ ಕೂತಳು. ದೂರದಲ್ಲಿ ಗೋಪುರ. ಕೈ ಮುಗಿದು, "ಈಗ ನೀನು ನಾನು ಸರಿಸಮ ನೋಡಪ್ಪಾ," ಎಂದಳು. ಹನುಮೇಶ್ ಅವಳ ಪಕ್ಕ ಬಂಡೆಗೆ ಬೆನ್ನು ಒತ್ತಿ ಕೂತ.

"ನೀವು ಹೋಗಿ ಬರ್ರಿ," ಎಂದ ಮೆಲ್ಲಗೆ. ಏಳು ದಿನದ ನಂತರ ಇಬ್ಬರ ನಡುವಿನ ಮೊದಲ ಮಾತು ಅದು.

ನಾಗಲಕ್ಷ್ಮಿ ಹೋದಳು. ಕೈ ಊರಿ, ಬಗ್ಗಿ, ಹಾಸುಗಲ್ಲು ದಾಟಿ, ಉಸಿರು ಬಿಗಿಹಿಡಿದು... ತುದಿ!

ಇಡೀ ಹಂಪಿ ಕಾಲ ಕೆಳಗೆ! ಬಜಾರಿನ ಕಂಬಗಳ ಸಾಲು, ಅಚ್ಯುತರಾಯ ಗುಡಿಯ ಅಂಗಳ, ಬಾಳೆ ತೋಟದ ಹಸಿರು. ಬಂಡೆಗಳ ನಡುವೆ ಹೊಳೆ ಹೊಳೆಯುತ್ತ ಪೂರ್ವಕ್ಕೆ ಹೊರಳುತ್ತಿತ್ತು. ಅದೇ ಕಡೆ ಅವಳೂರು!

"ನೋಡ್ರಿ, ಅಲ್ಲಿ ತಿರಗತೈತಿ! ನೋಡ್ರಿ!" ಎಂದು ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿದ್ದದ್ದು ಶಮಾ.

"ಯಾರಿಗೆ 'ನೋಡ್ರಿ' ಅಂತೀ ನಾಗು? ನನಗ ಯಾವತ್ತಿಂದ ಬಹುವಚನ?"

ನಾಗಲಕ್ಷ್ಮಿಯ ಮುಖ ಕೆಂಪೇರಿತು. ಇಷ್ಟು ದಿನ ಕನಸು ಕಂಡ ತುದಿಯಲ್ಲಿ ಐದು ನಿಮಿಷವೂ ನಿಲ್ಲಲಾಗಲಿಲ್ಲ.

"ನಾ ಇಳೀತೀನಿ," ಎಂದು ಸರಸರ ಹೊರಟಳು.

ಹಾಸುಗಲ್ಲಿನ ಮೇಲ್ತುದಿಗೆ ಬಂದಾಗ ಕೆಳಗಿನಿಂದ ವಿರೂಪಮ್ಮನ ಕೂಗು ಕೇಳಿಸಿತು.

"ಕೆಳಗ ನೋಡಬ್ಯಾಡಲೋ!"

"ಇಲ್ಲಕ್ಕಾ!"

"ಮ್ಯಾಲೂ ನೋಡಬ್ಯಾಡ!"

"ಮತ್ತ ಎಲ್ಲಿ ನೋಡ್ಲಿ?"

"ಕಣ್ಣು ಮುಚ್ಚು!"

ಬೋಳು ಕಲ್ಲಿನ ನಡುಮಧ್ಯೆ ಹನುಮೇಶ್ ಮಂಡಿ, ಅಂಗೈ ಊರಿ ಕೂಸಿನಂತೆ ಅಂಬೆಗಾಲಿನಲ್ಲಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ.

"ಅಯ್ಯೋ! ಅಲ್ಲೇ ಇರ್ರಿ!" ನಾಗಲಕ್ಷ್ಮಿ ಕೂತುಕೊಂಡೇ ಜಾರುತ್ತ ಬಂದು, ಅವನ ಬಲಗಡೆ, ಆ ಬರೀ ಗಾಳಿಯಿದ್ದ ಕಡೆ ಅಡ್ಡ ಕೂತಳು. ಅವನ ಮಣಿಕಟ್ಟು ಹಿಡಿದಳು. "ಯಾಕ ಬಂದ್ರಿ? ಯಾರು ಬಾ ಅಂದ್ರು ನಿಮಗ?"

"ತುದೀಗ ನಿಂತು ನೀವು ಏನೋ ಹೇಳಬೇಕು ಅಂತಿದ್ರಂತ. ಬರಬರತಾ ಗಾಡ್ಯಾಗ ಶಮಾ ಹೇಳಿದ್ಲು."

'ಶಮಾ! ನಿನ್ನ ಆಣಿಗೆ ಬೆಂಕಿ ಹಾಕ!'

"ಈಗೂ ಹೇಳತೀರೋ ಇಲ್ಲೋ ನನಗ ಗೊತ್ತಿಲ್ಲ. ಹೇಳದಿದ್ರೂ ನಡೀತೈತಿ. ಆದ್ರ ಒಂದುವ್ಯಾಳೆ ನೀವು ಹೇಳಿ, ಕೇಳಾಕ ನಾ ಅಲ್ಲಿ ಇಲ್ಲದಿದ್ರ..." ಅವನು ಉಸಿರು ಎಳೆದುಕೊಂಡ. "ಅದು ಈ ಎತ್ತರಕ್ಕಿಂತ ದೊಡ್ಡ ಅಂಜಿಕಿ ಆತ್ರಿ ನನಗ."

ನಾಗಲಕ್ಷ್ಮಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ತುದಿ ಇನ್ನೂ ಮೇಲಿತ್ತು. ಅವನನ್ನು ಅಲ್ಲಿಗೆ ಕರೆದೊಯ್ಯಲಾಗದು, ಅವಳಿಗೆ ಮತ್ತೆ ಹೋಗುವ ಮನಸ್ಸಿಲ್ಲ.

"ಹನುಮೇಶ್."

ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇನ್ನೊಮ್ಮಿ ನನ್ನ ಮುಂದ ಸುಳ್ಳು ಹ್ಞೂಂ ಅಂದ್ರ, ಇದೇ ಕಲ್ಲಿನ ಮ್ಯಾಲ ತಂದು ನಿಲ್ಲಸತೀನಿ."

"ಅನ್ನಂಗಿಲ್ರಿ."

"ಗೊತ್ತಿಲ್ಲದಿದ್ರ?"

"ಗೊತ್ತಿಲ್ಲ ಅಂತೀನಿ."

"ಅಂಜಿಕಿ ಆದ್ರ?"

"ಅಂಜಿಕಿ ಆಗೇತಿ ಅಂತೀನಿ. ಈಗೂ ಆಗೇತಿ."

"ನನಗೂ ಆಗೇತಿ. ಹೆಂಗ ಹೇಳಬೇಕಂತ." ಅವಳು ಅವನ ತರಚಿದ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡಳು. "ನೀವಂದ್ರ ನನಗ ಜೀವ. ಆತಾ? ಹೇಳಿದೆ."

ಹನುಮೇಶ್ ಕಣ್ಣು ತೆರೆದ. ಕೆಳಗೆ ನೋಡಲಿಲ್ಲ, ಮೇಲೆ ನೋಡಲಿಲ್ಲ. ಅವಳನ್ನೇ ನೋಡಿದ. ಇನ್ನೊಂದು ಅಂಗೈ ಕಲ್ಲು ಬಿಟ್ಟಿರಲಿಲ್ಲ, ಆದರೂ ನಗುತ್ತಿದ್ದ.

"ನಾ ಏನ್ ಹೇಳಬೇಕು ಈಗ?"

"ನಿಮಗ ಗೊತ್ತಿಲ್ಲೇನ?"

"ಇದೊಂದು ಪೂರ್ತಿ ಗೊತ್ತೈತಿ," ಎಂದ. "ನೀವು ರೋಲಿನ ಮ್ಯಾಲಿಂದ ಹಾರಿದ ದಿನದಿಂದ. ಆದ್ರ... ಇಳದ ಮ್ಯಾಲ ಹೇಳಲೇನು? ಕಾಲು ನೆಲಕ್ಕ ಹತ್ತಿದ್ರ ಛಲೋ ಹೇಳತೀನಿ."

ನಾಗಲಕ್ಷ್ಮಿ ಬಿದ್ದು ಬಿದ್ದು ನಕ್ಕಳು. "ಬ್ಯಾಡ. ಇಲ್ಲೇ ಹೇಳ್ರಿ!"

ಅವನು ಹೇಳಿದ. ಏನು ಹೇಳಿದ ಎಂಬುದು ಆ ಗಾಳಿಗೆ ಮತ್ತು ಅವಳಿಗೆ ಮಾತ್ರ ಗೊತ್ತು.

ಈಗ ನೀವು ಹೇಳಿ. ಅವನ ಆ ಒಂದು 'ಹ್ಞೂಂ' ಮರೆತು, ನಡುದಾರಿಯಲ್ಲೇ ಮನಸ್ಸು ಬಿಚ್ಚುತ್ತಿದ್ದಿರಾ? ಅಥವಾ ತುದಿಯವರೆಗೆ ಬರಲಾಗದವನು ಬೇಡವೆಂದು ಅವನನ್ನು ದಾಟಿ ಇಳಿದು ಹೋಗುತ್ತಿದ್ದಿರಾ? ಆ ಬೋಳು ಕಲ್ಲಿನ ಮೇಲೆ ನಾಗಲಕ್ಷ್ಮಿಯ ಜಾಗದಲ್ಲಿ ನೀವಿದ್ದಿದ್ದರೆ... ಏನು ಮಾಡುತ್ತಿದ್ದಿರಿ?